ಕ್ಯಾನ್ಸರ್ ಚಿಕಿತ್ಸೆಯಿಂದ ಆರೋಗ್ಯವಂತ ಅಂಗಾಂಶಗಳಿಗೆ ಆಗುವ ಹಾನಿ ಮತ್ತು ಅದರ ದರ್ಜೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಿಮೋ ಅಥವಾ ರೇಡಿಯೇಷನ್ ಪಡೆಯುತ್ತಿರುವವರ ಫೈಲು ತೆರೆದರೆ ‘ಮ್ಯೂಕೋಸೈಟಿಸ್ ಗ್ರೇಡ್ 2’ (ಬಾಯಿಹುಣ್ಣು), ‘ಡರ್ಮಟೈಟಿಸ್ ಗ್ರೇಡ್ 1’ (ಚರ್ಮದ ಹಾನಿ) ಎಂಬಂಥ ಬರಹಗಳು ಕಾಣುತ್ತವೆ. ರೋಗಿಗಳೂ ಮನೆಯವರೂ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದೆ. ಸುಲಭವಾದವು ಮೊದಲು ಬಂದಿವೆ, ತೊಡಕಿನವು ಕೊನೆಗೆ. ಬೇರೆ ಹೆಸರು ಹೇಳದ ಕಡೆ ಬಳಸಿರುವ ಅಂಕಿಗಳು, ಇಂಥ ಹಾನಿಗಳಿಗೆ ದರ್ಜೆ ಕೊಡಲು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮಾಡಿದ ಸಿಟಿಸಿಎಇ ಎಂಬ ಪಟ್ಟಿಯ 5ನೇ ಆವೃತ್ತಿಯವು. ಇವು ದರ್ಜೆಯನ್ನು ಅರ್ಥ ಮಾಡಿಕೊಳ್ಳುವುದಕ್ಕಷ್ಟೇ. ಔಷಧವನ್ನು ಬದಲಿಸುವ, ನಿಲ್ಲಿಸುವ ತೀರ್ಮಾನ ಚಿಕಿತ್ಸೆ ಕೊಡುತ್ತಿರುವ ವೈದ್ಯರದು.

## ಮೂಲ ಸಂಗತಿಗಳು

ಔಷಧ ಕೊಡುವುದು ಕ್ಯಾನ್ಸರಿಗೆ ತಾನೇ, ಚೆನ್ನಾಗಿರುವ ಭಾಗಕ್ಕೆ ಯಾಕೆ ಪೆಟ್ಟು ಬೀಳುತ್ತದೆ?

ಹಳೆಯ ಕಿಮೋ ಔಷಧಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಕೋಶವನ್ನು ಗುರುತು ಹಿಡಿದು ಹೊಡೆಯುವುದಿಲ್ಲ. ವೇಗವಾಗಿ ಇಬ್ಭಾಗವಾಗುತ್ತಿರುವ ಕೋಶ ಯಾವುದೇ ಇರಲಿ, ಅದನ್ನು ಹೊಡೆಯುತ್ತವೆ. ನಮ್ಮ ದೇಹದಲ್ಲಿ ಬಾಯಿಯ ಒಳಪೊರೆ, ಕರುಳಿನ ಒಳಪದರ, ಕೂದಲಿನ ಬುಡ ಮತ್ತು ರಕ್ತಕಣಗಳನ್ನು ಹುಟ್ಟಿಸುವ ಮೂಳೆಮಜ್ಜೆ ಹಗಲಿರುಳು ಹೊಸ ಕೋಶಗಳನ್ನು ಮಾಡುತ್ತಲೇ ಇರುತ್ತವೆ, ಆದ್ದರಿಂದ ಮೊದಲ ಪೆಟ್ಟು ಬೀಳುವುದು ಇವುಗಳಿಗೇ. ರೇಡಿಯೇಷನ್ನಿನದು ಬೇರೆ ಕಥೆ. ಅದು ಬೀಳುವ ಜಾಗಕ್ಕಷ್ಟೇ ಸೀಮಿತ, ಆದರೆ ಗಡ್ಡೆಯನ್ನು ಮುಟ್ಟಬೇಕಾದರೆ ದಾರಿಯಲ್ಲಿರುವ ಚರ್ಮ, ಸ್ನಾಯು, ಜೊಲ್ಲುಗ್ರಂಥಿಗಳನ್ನು ದಾಟಿಯೇ ಹೋಗಬೇಕು. ಗುರಿ ಹಿಡಿದು ಕೆಲಸ ಮಾಡುವ ಹೊಸ ಔಷಧಗಳೂ ಪೂರ್ತಿ ನಿರಪಾಯವಲ್ಲ, ಏಕೆಂದರೆ ಅವು ಹುಡುಕುವ ಗುರುತು ಎಷ್ಟೋ ಸಲ ಚರ್ಮದ ಮೇಲೋ ಹೃದಯದ ಸ್ನಾಯುವಿನಲ್ಲೋ ಕೂಡ ಇರುತ್ತದೆ.

ಫೈಲಿನಲ್ಲಿ ‘ಗ್ರೇಡ್ 3’ ಎಂದು ಬರೆದಿದ್ದಾರೆ. ಅಮ್ಮನ ಕ್ಯಾನ್ಸರ್ ಮೂರನೇ ಹಂತಕ್ಕೆ ಹೋಯಿತಾ?

ಇಲ್ಲ. ಈ ಗೊಂದಲದಿಂದ ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗ್ಗೆ ಆಸ್ಪತ್ರೆಗೆ ಓಡಿ ಬರುವ ಮಕ್ಕಳಿದ್ದಾರೆ. ಒಂದೇ ಫೈಲಿನಲ್ಲಿ ಮೂರು ಬಗೆಯ ಅಂಕಿಗಳು ಇರುತ್ತವೆ. ‘ಸ್ಟೇಜ್’ ಎಂದರೆ ರೋಗ ದೇಹದಲ್ಲಿ ಎಲ್ಲಿಯವರೆಗೆ ಹರಡಿದೆ ಎಂಬುದು. ಬಯಾಪ್ಸಿ ವರದಿಯಲ್ಲಿರುವ ‘ಗ್ರೇಡ್’ ಸೂಕ್ಷ್ಮದರ್ಶಕದಲ್ಲಿ ಗಡ್ಡೆಯ ಕೋಶಗಳು ಸಹಜ ಕೋಶಗಳಿಂದ ಎಷ್ಟು ಬೇರೆಯಾಗಿ ಕಂಡವು ಎಂಬುದನ್ನು ತಿಳಿಸುತ್ತದೆ. ಮೂರನೆಯದು, ಈ ಪುಟದ ವಿಷಯವಾದದ್ದು, ಚಿಕಿತ್ಸೆಯಿಂದ ಆರೋಗ್ಯವಂತ ಅಂಗಾಂಶಕ್ಕೆ ಆದ ಹಾನಿಯ ದರ್ಜೆ. ಗುರುತಿಸುವ ದಾರಿ ಸುಲಭ: ಗ್ರೇಡ್ ಎಂಬ ಪದದ ಹಿಂದೆ ಬಾಯಿಹುಣ್ಣು, ಭೇದಿ, ನ್ಯೂಟ್ರೊಪೀನಿಯ ಎಂಬ ಬಿಳಿ ರಕ್ತಕಣಗಳ ಕೊರತೆ, ಇಂಥ ತೊಂದರೆಯೊಂದರ ಹೆಸರು ಇದ್ದರೆ ಅದು ಹಾನಿಯ ದರ್ಜೆ. ಹಾನಿಯ ದರ್ಜೆ ಏರುವುದೂ ಇಳಿಯುವುದೂ ಉಂಟು. ಈ ವಾರ 3 ಇದ್ದದ್ದು ಮುಂದಿನ ವಾರ 1 ಆಗಬಹುದು.

1ರಿಂದ 5ರವರೆಗೆ ಎಂದರೆ ನೂರಕ್ಕೆ ಇಷ್ಟು ಎಂಬಂತೆ ನೋವಿನ ಅಳತೆಯೇ?

ನೋವಿನ ಅಳತೆ ಎಂದುಕೊಂಡರೆ ಮುಂದಿನದೆಲ್ಲ ತಪ್ಪಾಗಿ ಅರ್ಥವಾಗುತ್ತದೆ. ದರ್ಜೆ ಎಂಬುದು ‘ಈಗ ಏನು ಮಾಡಬೇಕು’ ಎಂಬ ಪ್ರಶ್ನೆಯ ಸುತ್ತ ಕಟ್ಟಿದ ಏರ್ಪಾಡು. 1ನೇ ದರ್ಜೆಯಲ್ಲಿ ತೊಂದರೆ ಅಲ್ಪವಾಗಿರುತ್ತದೆ, ಇಲ್ಲವೇ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ, ಗಮನಿಸುತ್ತಿದ್ದರೆ ಸಾಕು. 2ರಲ್ಲಿ ಸಣ್ಣಪುಟ್ಟ ಔಷಧೋಪಚಾರ ಬೇಕಾಗುತ್ತದೆ, ಹೊರಗಿನ ಕೆಲಸಗಳಿಗೆ ಅಡ್ಡಿಯಾಗುತ್ತದೆ. 3 ತೀವ್ರವಾದದ್ದು, ತಕ್ಷಣಕ್ಕೆ ಜೀವಕ್ಕೆ ಅಪಾಯವಿಲ್ಲದಿದ್ದರೂ ಆಸ್ಪತ್ರೆಗೆ ಸೇರಿಸಬೇಕಾಗಬಹುದು, ಸ್ನಾನ ಮಾಡುವ, ಉಣ್ಣುವ ಕೆಲಸಕ್ಕೂ ಇನ್ನೊಬ್ಬರ ಕೈ ಬೇಕಾಗಬಹುದು. 4ರಲ್ಲಿ ಜೀವಕ್ಕೇ ಅಪಾಯ, ತುರ್ತು ಚಿಕಿತ್ಸೆ ಬೇಕು. 5 ಎಂದರೆ ಆ ಹಾನಿಯಿಂದ ಆದ ಸಾವು. 1ರಿಂದ 2ಕ್ಕೆ ಇರುವ ಅಂತರವೂ 3ರಿಂದ 4ಕ್ಕೆ ಇರುವ ಅಂತರವೂ ಸಮವಲ್ಲ. ಇವು ಮೆಟ್ಟಿಲುಗಳೇ ಹೊರತು ಸ್ಕೇಲಿನ ಗೆರೆಗಳಲ್ಲ. ಆದ್ದರಿಂದ ಎರಡು ದರ್ಜೆಗಳನ್ನು ಕೂಡಿಸಿ ಸರಾಸರಿ ತೆಗೆಯುವುದಕ್ಕೆ ಅರ್ಥವೇ ಇಲ್ಲ.

ತಲೆಗೂದಲೆಲ್ಲ ಉದುರಿದೆ. ಆದರೂ ಗ್ರೇಡ್ 2 ಅಷ್ಟೇನಾ?

ಹೌದು, ಕೂದಲುದುರುವುದಕ್ಕೆ ಪಟ್ಟಿಯಲ್ಲಿರುವುದೇ ಎರಡು ದರ್ಜೆಗಳು. ಅರ್ಧಕ್ಕಿಂತ ಕಡಿಮೆ ಉದುರಿದರೆ 1, ಅರ್ಧ ಅಥವಾ ಹೆಚ್ಚು ಹೋದರೆ 2. ಕೂದಲು ಹೋದದ್ದರಿಂದ ಜೀವಾಪಾಯವಿಲ್ಲವಾದ್ದರಿಂದ ಮೇಲಿನ ಮೆಟ್ಟಿಲುಗಳನ್ನು ಇಟ್ಟಿಲ್ಲ. ಕನ್ನಡಿಯ ಮುಂದೆ ನಿಂತ ಹೆಂಗಸಿಗೆ ಅದು ಎಷ್ಟನೇ ದರ್ಜೆಯ ಸಂಕಟ ಎಂಬುದನ್ನು ಈ ಪಟ್ಟಿ ಅಳೆಯುವುದಿಲ್ಲ.

ಈ ಪಟ್ಟಿಯನ್ನು ಮಾಡಿದವರು ಯಾರು? ಎಲ್ಲ ಆಸ್ಪತ್ರೆಗಳಲ್ಲೂ ಇದೇನಾ?

ಹಿಂದೆ ಒಬ್ಬೊಬ್ಬ ವೈದ್ಯರು ಒಂದೊಂದು ಮಾತು ಬಳಸುತ್ತಿದ್ದರು; ಒಬ್ಬರ ‘ತೀವ್ರ’ ಇನ್ನೊಬ್ಬರಿಗೆ ‘ಸಾಧಾರಣ’ವಾಗಿತ್ತು, ಹೀಗಾಗಿ ಎರಡು ಊರುಗಳ ಚಿಕಿತ್ಸೆಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಂತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1979ರಲ್ಲಿ ಪ್ರಕಟಿಸಿದ ಕೈಪಿಡಿ 0ಯಿಂದ 4ರವರೆಗಿನ ದರ್ಜೆಗಳನ್ನು ಕೊಟ್ಟಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1983ರಲ್ಲಿ ತನ್ನದೇ ಪಟ್ಟಿಯನ್ನು ತಂದಿತು. ಆಗ ಅದು ಮುಖ್ಯವಾಗಿ ಕಿಮೋ ಔಷಧಗಳ ತಕ್ಷಣದ ಪರಿಣಾಮಗಳಿಗಾಗಿತ್ತು. ರೇಡಿಯೇಷನ್ ಕ್ಷೇತ್ರದವರು ಆರ್‌ಟಿಒಜಿ ಮತ್ತು ಇಒಆರ್‌ಟಿಸಿ ಎಂಬ ಅಮೆರಿಕ ಮತ್ತು ಯುರೋಪಿನ ಎರಡು ಸಂಶೋಧನಾ ಗುಂಪುಗಳ ಮಾನದಂಡವನ್ನು ಬಳಸುತ್ತಿದ್ದರು. 2003ರ 3ನೇ ಆವೃತ್ತಿಯಲ್ಲಿ ಅಮೆರಿಕದ ಪಟ್ಟಿ ಕಿಮೋ, ರೇಡಿಯೇಷನ್, ಶಸ್ತ್ರಚಿಕಿತ್ಸೆ ಮೂರರ ಹಾನಿಗಳನ್ನೂ, ತಕ್ಷಣದ್ದನ್ನೂ ತಡವಾದದ್ದನ್ನೂ ಒಂದೇ ಸೂರಿನಡಿ ತಂದು ಸಿಟಿಸಿಎಇ ಎಂಬ ಹೆಸರು ಪಡೆಯಿತು. 5ನೇ ಆವೃತ್ತಿ 2017ರ ನವೆಂಬರಿನಲ್ಲಿ ಬಂತು. ಅದರಲ್ಲಿ ತೊಂದರೆಗಳನ್ನು ಅಂಗವ್ಯೂಹಗಳ ಪ್ರಕಾರ 26 ಗುಂಪುಗಳಾಗಿ ಜೋಡಿಸಿದ್ದಾರೆ. 2025ರಲ್ಲಿ 6ನೇ ಆವೃತ್ತಿ ಹೊರಬಂದಿರುವುದರಿಂದ ವರದಿಯೊಂದನ್ನು ಓದುವಾಗ ಅದು ಯಾವ ಆವೃತ್ತಿಯ ದರ್ಜೆ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು. ಹಳೆಯ ಮಾನದಂಡಗಳು ಅಳಿದಿಲ್ಲ. ಬಾಯಿಹುಣ್ಣಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯನ್ನೂ ರೇಡಿಯೇಷನ್ ವಿಭಾಗದಲ್ಲಿ ಆರ್‌ಟಿಒಜಿಯ ಅಳತೆಯನ್ನೂ ಬಳಸುವವರು ಇಂದಿಗೂ ಇದ್ದಾರೆ.

## ದರ್ಜೆ ಕೊಡುವ ಬಗೆ

ಅಪ್ಪನ ಬಾಯಿಹುಣ್ಣಿಗೆ ಒಬ್ಬ ಡಾಕ್ಟರು 2 ಅಂದರು, ಇನ್ನೊಬ್ಬರು 3 ಅಂದರು. ಯಾರು ಸರಿ?

ಇಬ್ಬರೂ ಸರಿಯಿರಬಹುದು, ಏಕೆಂದರೆ ಇಬ್ಬರ ಕೈಯಲ್ಲಿರುವ ಅಳತೆಗೋಲು ಬೇರೆ ಬೇರೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹುಣ್ಣನ್ನೂ ಊಟವನ್ನೂ ಒಟ್ಟಿಗೆ ನೋಡುತ್ತದೆ: ಉರಿ ಅಥವಾ ಕೆಂಪು ಮಾತ್ರ ಇದ್ದರೆ 1, ಹುಣ್ಣಿದ್ದೂ ಗಟ್ಟಿ ಆಹಾರ ತಿನ್ನಲಾದರೆ 2, ದ್ರವಾಹಾರ ಮಾತ್ರ ಇಳಿದರೆ 3, ಬಾಯಿಂದ ಏನೂ ತೆಗೆದುಕೊಳ್ಳಲಾಗದಿದ್ದರೆ 4. ಸಿಟಿಸಿಎಇಯ 5ನೇ ಆವೃತ್ತಿಯಾದರೋ ನೋವಿನಿಂದ ಊಟಕ್ಕೆ ಅಡ್ಡಿಯಾಗುತ್ತಿದೆಯೇ ಎಂದು ಕೇಳುತ್ತದೆ: ಸಾಧಾರಣ ನೋವು ಅಥವಾ ಹುಣ್ಣು ಇದ್ದರೂ ಊಟಕ್ಕೆ ತಡೆಯಾಗದೆ, ಆಹಾರದ ಬಗೆಯನ್ನು ಬದಲಿಸಿದರೆ ಸಾಕು ಎಂದಾದರೆ 2, ತೀವ್ರ ನೋವಿನಿಂದ ಊಟವೇ ಕುಂದಿದರೆ 3. ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿದ್ದಕ್ಕಿಂತ ‘ಏನು ಉಂಡಿರಿ’ ಎಂದು ಕೇಳಿದ್ದೇ ಎರಡರಲ್ಲೂ ಹೆಚ್ಚು ತೂಗುತ್ತದೆ.

ಇಲ್ಲಿ ನಮ್ಮ ಕಡೆಗೇ ವಿಶೇಷವಾದ ಒಂದು ತೊಡಕಿದೆ. ರಾಗಿ ಮುದ್ದೆ ಗಟ್ಟಿ ಆಹಾರವೋ ಅಲ್ಲವೋ? ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಮಂಡ್ಯದ ಕಡೆಯ ಯಜಮಾನರೊಬ್ಬರು ‘ಊಟ ಮಾಡ್ತೀನಿ ಬುಡಿ’ ಎಂದರೆ, ಬಾಯಿ ತುಂಬ ಹುಣ್ಣಿದ್ದೂ ಖಾರವಿಲ್ಲದ ಬಸ್ಸಾರಿನಲ್ಲಿ ಮೆತ್ತಗಿನ ಮುದ್ದೆಯನ್ನು ಜಾರಿಸಿ ಇಳಿಸುತ್ತಿದ್ದಾರೆ ಎಂದು ಅರ್ಥವಿರಬಹುದು. ಅದೇ ಹುಣ್ಣಿರುವ ಬಿಜಾಪುರದವರಿಗೆ ಜೋಳದ ರೊಟ್ಟಿಯ ಒಂದು ಚೂರೂ ಅಗಿಯಲಾಗದೆ ಗಂಜಿಗೆ ಇಳಿದಿರಬಹುದು. ಕಾಗದದ ಮೇಲೆ ಮೊದಲನೆಯವರು 2, ಎರಡನೆಯವರು 3. ಆದ್ದರಿಂದ ದರ್ಜೆ ಬರೆಯುವವರಿಗೆ ‘ಊಟ ಆಗ್ತಿದೆ’ ಎಂಬ ಒಂದು ಮಾತು ಸಾಲದು. ನಿನ್ನೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಏನೇನು ಎಷ್ಟೆಷ್ಟು ಒಳಗೆ ಹೋಯಿತು, ಹೋದ ವಾರಕ್ಕಿಂತ ತೂಕ ಎಷ್ಟು ಇಳಿದಿದೆ ಎಂಬುದನ್ನು ಮನೆಯವರು ಬರೆದುಕೊಂಡು ಬಂದರೆ ಯಾವ ಅಳತೆಯಲ್ಲಾದರೂ ಸರಿಯಾದ ದರ್ಜೆ ಸಿಗುತ್ತದೆ.

ರೇಡಿಯೇಷನ್ ಬಿದ್ದ ಕಡೆ ಚರ್ಮ ಕೆಂಪಾಗುತ್ತದೆ ಎನ್ನುತ್ತಾರೆ. ನನ್ನದು ಕಪ್ಪಾಗಿದೆಯಲ್ಲ?

ಹಳ್ಳಿಗಳ ಕಡೆ ‘ಕರೆಂಟ್ ಕೊಡುವುದು’ ಎಂದು ಕರೆಯುವ ಈ ಚಿಕಿತ್ಸೆಯಲ್ಲಿ ಚರ್ಮದ ಹಾನಿಯ 1ನೇ ದರ್ಜೆಯನ್ನು ಪಟ್ಟಿ ‘ಮಸುಕಾದ ಕೆಂಪು ಅಥವಾ ಒಣ ಸಿಪ್ಪೆ’ ಎಂದೂ 2ನೆಯದನ್ನು ‘ಎದ್ದು ಕಾಣುವ ಕೆಂಪು, ಅಥವಾ ಮುಖ್ಯವಾಗಿ ಚರ್ಮದ ಮಡಿಕೆಗಳಲ್ಲಿ ಅಲ್ಲಲ್ಲಿ ಸುಲಿದು ನೀರೂರುವುದು’ ಎಂದೂ ವಿವರಿಸುತ್ತದೆ. ಬಿಳಿಯ ಚರ್ಮವನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಮಾತುಗಳಿವು ಎಂಬುದು ಓದಿದ ತಕ್ಷಣ ತಿಳಿಯುತ್ತದೆ. ನಮ್ಮ ಎಣ್ಣೆಗಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಅಡಗಿಹೋಗಿ, ಆ ಜಾಗ ಗಾಢವಾಗಿ ಕಪ್ಪೇರುವುದೇ ಮೊದಲು ಕಾಣುತ್ತದೆ. ಹೀಗಾಗಿ ಬಣ್ಣವನ್ನೇ ನಂಬಿದವರು ದರ್ಜೆಯನ್ನು ಒಂದು ಮೆಟ್ಟಿಲು ಕಡಿಮೆ ಬರೆಯುವ ಸಾಧ್ಯತೆಯಿದೆ. ಮುಟ್ಟಿ ನೋಡಿದಾಗಿನ ಬಿಸಿ, ಊತ, ಬಿಗಿತ, ಬಟ್ಟೆ ತಗುಲಿದರೆ ಆಗುವ ಉರಿ ಇವು ಬಣ್ಣಕ್ಕಿಂತ ನಂಬಿಕೆಯ ಸಾಕ್ಷಿಗಳು. 3ನೇ ದರ್ಜೆಯಲ್ಲಿ ಈ ತೊಡಕಿಲ್ಲ: ಮಡಿಕೆಗಳಾಚೆಗೂ ಚರ್ಮ ಸುಲಿದು ನೀರೂರುತ್ತಿದ್ದರೆ ಅಥವಾ ಸ್ವಲ್ಪ ಉಜ್ಜಿದರೂ ರಕ್ತ ಜಿನುಗಿದರೆ ಅದು 3, ಮೈಬಣ್ಣ ಯಾವುದೇ ಇರಲಿ. ಸ್ತನದ ಕೆಳಗಿನ ಮಡಿಕೆ, ಕಂಕುಳು, ಕತ್ತಿನ ಗೆರೆಗಳನ್ನು ಬಟ್ಟೆ ಸರಿಸಿ ತೋರಿಸಲು ಸಂಕೋಚಪಡಬಾರದು. ಮೊದಲು ಸುಲಿಯುವುದು ಅಲ್ಲೇ.

ರಕ್ತಪರೀಕ್ಷೆಯಲ್ಲಿ ಗ್ರೇಡ್ 4 ಎಂದಿದೆ. ಆದರೆ ನಾನು ನಡೆದುಕೊಂಡೇ ಬಂದಿದ್ದೇನಲ್ಲ?

ರಕ್ತಕಣಗಳ ದರ್ಜೆ ಅಂಕಿಯನ್ನಷ್ಟೇ ನೋಡುತ್ತದೆ, ನಿಮ್ಮನ್ನು ನೋಡುವುದಿಲ್ಲ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ಘನ ಮಿಲಿಮೀಟರಿಗೆ 1,500ರಿಂದ 1,000ದ ನಡುವೆ ಇದ್ದರೆ 2ನೇ ದರ್ಜೆ, 1,000ದಿಂದ 500ರ ನಡುವೆ 3, 500ಕ್ಕಿಂತ ಕೆಳಗಿಳಿದರೆ 4. ಪ್ಲೇಟ್‌ಲೆಟ್‌ಗಳಿಗೆ 50,000ದಿಂದ 25,000ದವರೆಗೆ 3, ಅದಕ್ಕಿಂತ ಕೆಳಗೆ 4. ಹಿಮೋಗ್ಲೋಬಿನ್ 8 ಗ್ರಾಂಗಿಂತ ಕಡಿಮೆಯಾದರೆ 3. ಹಲವು ಕಿಮೋಗಳಲ್ಲಿ ಔಷಧ ಕೊಟ್ಟ 7ರಿಂದ 14 ದಿನಗಳ ಆಸುಪಾಸಿನಲ್ಲಿ ಬಿಳಿಕಣಗಳು ತಳ ಮುಟ್ಟಿ ಮತ್ತೆ ತಾವೇ ಏರುತ್ತವೆ. ಆ ಎರಡು ಮೂರು ದಿನ ಏನೂ ಅನ್ನಿಸದೆಯೇ 4ನೇ ದರ್ಜೆ ದಾಟಿಹೋಗಬಹುದು.

ಆದರೆ ಅದರ ಜೊತೆಗೆ ಜ್ವರ ಸೇರಿದರೆ ಲೆಕ್ಕವೇ ಬೇರೆ. ನ್ಯೂಟ್ರೋಫಿಲ್ 1,000ಕ್ಕಿಂತ ಕಡಿಮೆಯಿದ್ದು ಜ್ವರ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ದಾಟಿದರೂ, ಅಥವಾ 38 ಡಿಗ್ರಿಯಲ್ಲಿ ಒಂದು ಗಂಟೆಗೂ ಮೇಲ್ಪಟ್ಟು ನಿಂತರೂ, ಅದು ‘ಫೆಬ್ರೈಲ್ ನ್ಯೂಟ್ರೊಪೀನಿಯ’ ಎಂಬ ಪ್ರತ್ಯೇಕ ಹಾನಿ. ಅದರ ದರ್ಜೆ ಶುರುವಾಗುವುದೇ 3ರಿಂದ. ಮನೆಯ ಥರ್ಮಾಮೀಟರು ಫ್ಯಾರನ್‌ಹೀಟಿನದಾದರೆ 38 ಎಂದರೆ 100.4, 38.3 ಎಂದರೆ ಸುಮಾರು 101. ಪ್ಯಾರಸಿಟಮಾಲ್ ನುಂಗಿ ಬೆಳಗಾಗಲಿ ನೋಡೋಣ ಎನ್ನುವ ಜ್ವರವಲ್ಲ ಇದು; ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಬೆರಳು ಜುಮ್ಮೆನ್ನುತ್ತದೆ ಎಂದರೆ, ‘ಅಡುಗೆ ಮಾಡ್ತೀರಾ, ಫೋನ್ ಹಿಡೀತೀರಾ’ ಎಂದು ಯಾಕೆ ಕೇಳುತ್ತಾರೆ?

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿಂಕ್ರಿಸ್ಟಿನ್‌ನಂಥ ಔಷಧಗಳು ಕೈಕಾಲುಗಳ ತುದಿಯ ನರಗಳಿಗೆ ಹಾನಿ ಮಾಡುತ್ತವೆ. ಆ ಹಾನಿಯನ್ನು ರಕ್ತಪರೀಕ್ಷೆ ತೋರಿಸುವುದಿಲ್ಲ, ಆದ್ದರಿಂದ ಕೆಲಸದ ಮೇಲೆ ಅದರ ಪರಿಣಾಮ ಏನು ಎಂಬುದೇ ಅಳತೆ. ಪಟ್ಟಿ ಕೆಲಸಗಳನ್ನು ಎರಡಾಗಿ ವಿಂಗಡಿಸುತ್ತದೆ: ಅಡುಗೆ, ಅಂಗಡಿಗೆ ಹೋಗಿಬರುವುದು, ಫೋನು, ಹಣದ ವ್ಯವಹಾರ ಒಂದು ಬಗೆಯವು, ಸ್ನಾನ, ಬಟ್ಟೆ ತೊಡುವುದು, ಉಣ್ಣುವುದು, ಶೌಚ, ಮಾತ್ರೆ ತೆಗೆದುಕೊಳ್ಳುವುದು ಇನ್ನೊಂದು ಬಗೆಯವು. ಮೊದಲನೆಯ ಬಗೆಗೆ ಅಡ್ಡಿಯಾದರೆ 2, ಎರಡನೆಯದಕ್ಕೂ ಅಡ್ಡಿಯಾದರೆ 3. 2ರಿಂದ 3ಕ್ಕೆ ಹೋಗುವ ಮುನ್ನವೇ ಔಷಧದ ಪ್ರಮಾಣ ತಗ್ಗಿಸಬೇಕೋ ನಿಲ್ಲಿಸಬೇಕೋ ಎಂಬ ಯೋಚನೆ ಶುರುವಾಗುತ್ತದೆ, ಏಕೆಂದರೆ ಈ ಹಾನಿ ನಿಧಾನವಾಗಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಪೂರ್ತಿ ಹೋಗುವುದೇ ಇಲ್ಲ.

ಈ ಪ್ರಶ್ನೆಗಳು ಎಲ್ಲರಿಗೂ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಂದೂ ಹಣದ ವ್ಯವಹಾರ ನೋಡದ, ಫೋನನ್ನು ಮೊಮ್ಮಗನಿಂದಲೇ ಒತ್ತಿಸುವ ಅಜ್ಜಿಗೆ ‘ತೊಂದರೆ ಇಲ್ಲ’ ಎಂಬ ಉತ್ತರ ಬರುವುದು ಸಹಜ. ಮಲ್ಲಿಗೆಯ ದಂಡೆ ಕಟ್ಟಲಾಗುತ್ತದೆಯೇ, ರವಿಕೆಯ ಹುಕ್ಕು ಹಾಕಿಕೊಳ್ಳುವಾಗ ಬೆರಳಿಗೆ ಸಿಗುತ್ತದೆಯೇ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಕಲ್ಲು ಯಾವುದೆಂದು ತಿಳಿಯುತ್ತದೆಯೇ, ಚಪ್ಪಲಿ ಕಾಲಿನಿಂದ ಜಾರಿಹೋದದ್ದು ಗೊತ್ತಾಯಿತೇ ಎಂದು ಕೇಳಿದರೆ ಅದೇ ಅಜ್ಜಿ ಹತ್ತು ನಿಮಿಷ ಮಾತಾಡುತ್ತಾರೆ. ಯಾರೂ ಕೇಳದಿದ್ದರೆ ಇವನ್ನು ನೀವಾಗಿಯೇ ಹೇಳಿ.

ದಿನಕ್ಕೆ ಐದು ಸಲ ಭೇದಿಯಾದರೆ ಎಷ್ಟನೇ ದರ್ಜೆ?

ಮೊದಲು ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದಿರಿ ಎಂಬುದನ್ನು ಅದರಿಂದ ಕಳೆಯಬೇಕು. ಮಾಮೂಲಿಗಿಂತ ಹೆಚ್ಚಾದದ್ದು 4ಕ್ಕಿಂತ ಕಡಿಮೆಯಿದ್ದರೆ 1, 4ರಿಂದ 6 ಇದ್ದರೆ 2, 7 ಅಥವಾ ಹೆಚ್ಚಿದ್ದರೆ 3. ಚಿಕಿತ್ಸೆಗೆ ಮುಂಚೆ ದಿನಕ್ಕೆ ಒಂದು ಸಲ ಹೋಗುತ್ತಿದ್ದವರಿಗೆ ಐದು ಎಂದರೆ 2. ಎರಡು ಸಲದ ರೂಢಿಯಿದ್ದವರಿಗೆ 1. ಚಿಕಿತ್ಸೆ ಶುರುವಾಗುವ ಮೊದಲೇ ನರ್ಸು ಇಂಥ ಮುಜುಗರದ ಪ್ರಶ್ನೆಗಳನ್ನೆಲ್ಲ ಕೇಳಿ ಬರೆದುಕೊಳ್ಳುವುದು ಇದಕ್ಕೇ. ಎಣಿಕೆ ಕಡಿಮೆಯಿದ್ದರೂ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿಯಿದ್ದರೆ ಅದು 3 ಆಗುತ್ತದೆ, ಏಕೆಂದರೆ ಪಟ್ಟಿಯಲ್ಲಿ ಅರ್ಧವಿರಾಮ ಚಿಹ್ನೆಯಿಂದ ಬೇರ್ಪಡಿಸಿದ ಲಕ್ಷಣಗಳ ನಡುವೆ ‘ಅಥವಾ’ ಎಂದು ಓದಿಕೊಳ್ಳಬೇಕು.

## ತಕ್ಷಣದ ಹಾನಿ, ತಡವಾದ ಹಾನಿ

90 ದಿನ ಎಂಬ ಗಡಿ ಎಲ್ಲಿಂದ ಬಂತು?

ಅದು ಆರ್‌ಟಿಒಜಿ ಮಾನದಂಡದ್ದು. ರೇಡಿಯೇಷನ್ ಶುರುವಾದ ಮೊದಲ ದಿನದಿಂದ 90ನೇ ದಿನದವರೆಗೆ ಕಂಡದ್ದನ್ನು ತಕ್ಷಣದ ಹಾನಿ ಎಂದೂ ಆಮೇಲಿನದನ್ನು ತಡವಾದ ಹಾನಿ ಎಂದೂ ಅದು ಬೇರೆ ಬೇರೆ ಕೋಷ್ಟಕಗಳಲ್ಲಿ ಅಳೆಯುತ್ತದೆ. ದೇಹ 91ನೇ ದಿನ ಪಂಚಾಂಗ ನೋಡಿಕೊಂಡು ಬದಲಾಗುವುದಿಲ್ಲ ನಿಜ, ಆದರೆ ಗಡಿಯ ಹಿಂದೆ ಜೀವಶಾಸ್ತ್ರವಿದೆ. ಬೇಗ ಬೇಗ ಹೊಸದಾಗುವ ಒಳಪೊರೆ, ಚರ್ಮಗಳಲ್ಲಿ ಕೋಶ ಸತ್ತದ್ದು ವಾರಗಳೊಳಗೆ ಕಾಣುತ್ತದೆ. ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ರೇಡಿಯೇಷನ್ ಪ್ರಮಾಣದ ಅಳತೆ) ಆರೇಳು ವಾರ ಕೊಡುವ ಚಿಕಿತ್ಸೆಯಲ್ಲಿ ಬಾಯಿಹುಣ್ಣು ಎರಡು ಮೂರನೇ ವಾರಕ್ಕೇ ಏಳುತ್ತದೆ, ಮುಗಿದ ಕೆಲವು ವಾರಗಳಲ್ಲಿ ಮಾಯುತ್ತದೆ. ಸ್ನಾಯು, ರಕ್ತನಾಳ, ನರ, ಮೂಳೆಗಳ ಕೋಶಗಳು ನಿಧಾನ. ಅಲ್ಲಿ ಸಣ್ಣ ರಕ್ತನಾಳಗಳು ಕ್ಷೀಣಿಸಿ, ನಾರಿನಂಥ ಗಟ್ಟಿ ಅಂಗಾಂಶ ಬೆಳೆದು, ತಿಂಗಳು ವರ್ಷಗಳ ಮೇಲೆ ಹಾನಿ ತಲೆಯೆತ್ತುತ್ತದೆ. ಒಂದೊಂದು ಸಲ ಕೊಡುವ ಪ್ರಮಾಣ ಹೆಚ್ಚಾದಷ್ಟೂ ತಡವಾದ ಹಾನಿ ಹೆಚ್ಚುತ್ತದೆ; ಒಟ್ಟು ಪ್ರಮಾಣವನ್ನು ಸಣ್ಣ ಸಣ್ಣ ಕಂತುಗಳಾಗಿ ಹಂಚಿ ಕೊಡುವುದಕ್ಕೆ ಇದೊಂದು ಮುಖ್ಯ ಕಾರಣ.

ತಕ್ಷಣದ ಹಾನಿ ಚೆನ್ನಾಗಿ ಮಾಯಿತು ಎಂದ ಮಾತ್ರಕ್ಕೆ ತಡವಾದದ್ದು ಬರುವುದಿಲ್ಲ ಎಂದೇನೂ ಇಲ್ಲ. ಆದರೆ ತಕ್ಷಣದ ಹುಣ್ಣು ಬಹಳ ಆಳವಾಗಿದ್ದು ಮಾಯದೇ ಉಳಿದಾಗ ಅದೇ ತಡವಾದ ಹಾನಿಯಾಗಿ ಮುಂದುವರಿಯುವುದೂ ಉಂಟು.

ರೇಡಿಯೇಷನ್ ಮುಗಿದು ಎರಡು ವರ್ಷವಾಯಿತು. ಈಗ ಬಾಯಿ ತೆರೆಯುತ್ತಿಲ್ಲ, ಬಾಯಿ ಒಣಗುತ್ತದೆ. ಇದೂ ಅದರದೇನಾ?

ಬಹುಮಟ್ಟಿಗೆ ಹೌದು, ಆದರೆ ನಮ್ಮಲ್ಲಿ ಉತ್ತರ ಅಷ್ಟು ನೇರವಲ್ಲ. ದವಡೆಯನ್ನು ಆಡಿಸುವ ಸ್ನಾಯುಗಳಿಗೆ ರೇಡಿಯೇಷನ್ ಬಿದ್ದಿದ್ದರೆ ಅವು ಬಿಗಿದು ಬಾಯಿ ತೆರೆಯುವುದು ಕುಗ್ಗುತ್ತದೆ. ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವಿನ ಅಂತರ 35 ಮಿಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ‘ಟ್ರಿಸ್ಮಸ್’ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಆದರೆ ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿಯ ಒಳಪದರವೇ ನಾರುಗಟ್ಟುವ ರೋಗವೊಂದಿದೆ, ಅದಕ್ಕೂ ಇದೇ ಲಕ್ಷಣ. ಚಿಕಿತ್ಸೆಗೆ ಮುಂಚೆಯೇ ಎರಡು ಬೆರಳಗಲ ಮಾತ್ರ ಬಾಯಿ ತೆರೆಯುತ್ತಿದ್ದವರಲ್ಲಿ, ಮೊದಲ ದಿನ ಅಳೆದು ಬರೆದಿಡದಿದ್ದರೆ ಯಾವುದು ಚಿಕಿತ್ಸೆಯ ಹಾನಿ, ಯಾವುದು ಅಡಿಕೆಯದ್ದು ಎಂದು ಆಮೇಲೆ ಬೇರ್ಪಡಿಸಲಾಗದು. ದರ್ಜೆಗೆ ಇಲ್ಲೂ ಊಟವೇ ಆಧಾರ: ತಿನ್ನಲು ಅಡ್ಡಿಯಿಲ್ಲದಿದ್ದರೆ 1, ಸಣ್ಣ ತುತ್ತು ಅಥವಾ ಮೆತ್ತನೆಯ ಆಹಾರ ಬೇಕಾದರೆ 2, ಬಾಯಿಂದ ಸಾಕಷ್ಟು ಉಣ್ಣಲು ಕುಡಿಯಲು ಆಗದಿದ್ದರೆ 3.

ಬಾಯಿ ಒಣಗುವುದು ಜೊಲ್ಲುಗ್ರಂಥಿಗಳ ಹಾನಿ. ಇದರ ವಿಷಯದಲ್ಲಿ ದರ್ಜೆಯ ಲೆಕ್ಕ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಬ್ರಿಟನ್ನಿನಲ್ಲಿ 94 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಅಧ್ಯಯನ, ಕಿವಿಯ ಮುಂದಿರುವ ಪರೋಟಿಡ್ ಗ್ರಂಥಿಯನ್ನು ತಪ್ಪಿಸಿ ಕಿರಣಗಳನ್ನು ತಿದ್ದಿ ಕೊಡುವ ಐಎಂಆರ್‌ಟಿ ವಿಧಾನವನ್ನು ಹಳೆಯ ವಿಧಾನದ ಪಕ್ಕದಲ್ಲಿಟ್ಟು ನೋಡಿತು. ಒಂದು ವರ್ಷದ ನಂತರ 2ನೇ ದರ್ಜೆ ಅಥವಾ ಅದಕ್ಕೂ ಮೇಲ್ಪಟ್ಟ ಒಣಬಾಯಿ ಹಳೆಯ ವಿಧಾನದಲ್ಲಿ ಶೇ. 74 ಮಂದಿಗೆ, ಐಎಂಆರ್‌ಟಿಯಲ್ಲಿ ಶೇ. 38 ಮಂದಿಗೆ ಇತ್ತು. ಎಲ್ಲರೂ ಒಂದೇ ಅಳತೆಗೋಲು ಹಿಡಿದಿರದಿದ್ದರೆ ಈ ಹೋಲಿಕೆಯೇ ಸಾಧ್ಯವಾಗುತ್ತಿರಲಿಲ್ಲ.

ಇನ್ನೊಂದು ಮಾತು. ರೇಡಿಯೇಷನ್ ಬಿದ್ದ ದವಡೆಯಿಂದ ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಹಳೆಯ ಚಿಕಿತ್ಸೆಯ ವಿಷಯವನ್ನು ತಿಳಿಸಲೇಬೇಕು. ರಕ್ತಸಂಚಾರ ಕುಂದಿದ ಆ ಮೂಳೆಯ ಗಾಯ ಮಾಯದೆ ಮೂಳೆಯೇ ಕೊಳೆಯುವ ಅಪಾಯ ವರ್ಷಗಳ ನಂತರವೂ ಇರುತ್ತದೆ.

ಹೃದಯದ ಹಾನಿ ಎಲ್ಲ ಔಷಧಗಳಿಂದಲೂ ಒಂದೇ ತರಹವೇ?

ಅಲ್ಲ. ಬಣ್ಣದಿಂದಾಗಿ ರೋಗಿಗಳು ‘ಕೆಂಪು ಔಷಧ’ ಎನ್ನುವ ಡಾಕ್ಸೊರುಬಿಸಿನ್ ಹೃದಯದ ಸ್ನಾಯುಕೋಶಗಳನ್ನೇ ಕೊಲ್ಲುತ್ತದೆ. ಜೀವಮಾನದಲ್ಲಿ ಒಟ್ಟು ಎಷ್ಟು ಪಡೆದಿರಿ ಎಂಬುದರ ಮೇಲೆ ಅಪಾಯ ಏರುತ್ತದೆ. ದೇಹದ ಮೇಲ್ಮೈಯ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ಎಂಬುದನ್ನು ಮೀರಬಾರದ ಗಡಿಯೆಂದು ಬಹುಕಾಲದಿಂದ ಪಾಲಿಸಲಾಗುತ್ತಿದೆ. ಗುರಿ ಹಿಡಿದು ಕೆಲಸ ಮಾಡುವ ಔಷಧವಾದ ಟ್ರಾಸ್ಟುಜುಮ್ಯಾಬ್‌ನಿಂದ ಹೃದಯ ಸೋತರೂ ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಎಕೋ ಪರೀಕ್ಷೆಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತದ ಪಾಲು) ಶೇ. 50ರಿಂದ 40ರ ನಡುವೆ ಇದ್ದರೆ ಇಬ್ಬರಿಗೂ 2ನೇ ದರ್ಜೆ ಎಂದೇ ಬರೆಯುತ್ತಾರೆ, ಆದರೆ ಒಬ್ಬರದು ಹೋದ ಸ್ನಾಯು, ಇನ್ನೊಬ್ಬರದು ದಣಿದ ಸ್ನಾಯು. ದರ್ಜೆಯ ಅಂಕಿ ಈ ವ್ಯತ್ಯಾಸವನ್ನು ಹೇಳುವುದಿಲ್ಲ.

## ಇನ್ನಷ್ಟು ಆಳಕ್ಕೆ

‘ಸಿವಿಯರ್’ ಮತ್ತು ‘ಸೀರಿಯಸ್’ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ, ಕ್ಲಿನಿಕಲ್ ಟ್ರಯಲ್ಲಿನ, ಅಂದರೆ ಔಷಧವನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನದ, ಕಾನೂನಿನಲ್ಲಿ ಬೇರೆ. ಮೊದಲನೆಯದು ತೀವ್ರತೆ, ಅಂದರೆ ದರ್ಜೆ. ಎರಡನೆಯದು ಫಲಿತಾಂಶ: ಸಾವು, ಜೀವಾಪಾಯ, ಆಸ್ಪತ್ರೆಗೆ ಸೇರಿಸಬೇಕಾದದ್ದು, ಶಾಶ್ವತ ಊನ, ಹುಟ್ಟುವ ಮಗುವಿನಲ್ಲಿ ದೋಷದಂಥವು. ಮೂರು ದಿನದಲ್ಲಿ ತಾನಾಗಿ ಸರಿಹೋದ 4ನೇ ದರ್ಜೆಯ ಬಿಳಿಕಣ ಕುಸಿತ ಈ ಅರ್ಥದಲ್ಲಿ ‘ಸೀರಿಯಸ್’ ಅಲ್ಲದಿರಬಹುದು. 2ನೇ ದರ್ಜೆಯ ವಾಂತಿಗೆ ಮುನ್ನೆಚ್ಚರಿಕೆಯಾಗಿ ಒಂದು ರಾತ್ರಿ ವಾರ್ಡಿನಲ್ಲಿ ಇಟ್ಟುಕೊಂಡರೆ ಅದು ‘ಸೀರಿಯಸ್’ ಆಗಬಹುದು. ಭಾರತದ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್ಲಿನಲ್ಲಿ ಇಂಥದು ನಡೆದರೆ ಸಂಶೋಧಕರು 24 ಗಂಟೆಗಳೊಳಗೆ ಪರವಾನಗಿ ಪ್ರಾಧಿಕಾರಕ್ಕೂ, ಪ್ರಾಯೋಜಕರಿಗೂ, ನೈತಿಕ ಸಮಿತಿಗೂ ತಿಳಿಸಬೇಕು. ಟ್ರಯಲ್ಲಿನ ಹೊರಗೆ, ಸಾಮಾನ್ಯ ಚಿಕಿತ್ಸೆಯಲ್ಲಿ ಆದ ಔಷಧದ ಹಾನಿಯನ್ನು ರೋಗಿಯೇ ತಿಳಿಸಲು 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ ಇದೆ: 1800-180-3024.

ವೈದ್ಯರು ಬರೆಯುವ ದರ್ಜೆಗೂ ನಾನು ಅನುಭವಿಸುವುದಕ್ಕೂ ತಾಳೆಯಾಗುವುದಿಲ್ಲ. ನನ್ನ ಮಾತಿಗೆ ಜಾಗವಿಲ್ಲವೇ?

ಬಹುಕಾಲ ಇರಲಿಲ್ಲ. ಸುಸ್ತು, ವಾಕರಿಕೆ, ಜುಮ್ಮೆನ್ನುವಿಕೆಗಳು ರೋಗಿಗೆ ಮಾತ್ರ ಗೊತ್ತಾಗುವಂಥವು. ಅವನ್ನೂ ವೈದ್ಯರೇ ಊಹಿಸಿ ಬರೆಯುತ್ತಿದ್ದರು, ಊಹೆ ಸಾಮಾನ್ಯವಾಗಿ ಕಡಿಮೆಯ ಕಡೆಗೇ ವಾಲುತ್ತಿತ್ತು. ಈ ಕೊರತೆ ತುಂಬಲು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ ಪ್ರೊ-ಸಿಟಿಸಿಎಇ ಎಂಬ ರೋಗಿಯೇ ಉತ್ತರಿಸುವ ಪ್ರಶ್ನಾವಳಿಯನ್ನು ರೂಪಿಸಿತು. ಅದರಲ್ಲಿ 78 ಲಕ್ಷಣಗಳ ಬಗ್ಗೆ 124 ಪ್ರಶ್ನೆಗಳಿವೆ. ಕಳೆದ 7 ದಿನಗಳಲ್ಲಿ ಎಷ್ಟು ಸಲ ಆಯಿತು, ಎಷ್ಟು ತೀವ್ರವಾಗಿತ್ತು, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು ಎಂದು ಲಕ್ಷಣಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಕೇಳುತ್ತದೆ.

ಇದು ಬರೀ ಸಮಾಧಾನದ ಮಾತಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ರೋಗ ಹರಡಿದ್ದ 766 ರೋಗಿಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತಮ್ಮ ಲಕ್ಷಣಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸಿ, ಉಲ್ಬಣಿಸಿದಾಗ ನರ್ಸಿಗೆ ಸೂಚನೆ ಹೋಗುತ್ತಿದ್ದ ಗುಂಪು ಮಧ್ಯಕ ಲೆಕ್ಕದಲ್ಲಿ (ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂಬ ಅರ್ಥದಲ್ಲಿ) 31.2 ತಿಂಗಳು ಬದುಕಿತು. ಮಾಮೂಲಿ ಪದ್ಧತಿಯ ಗುಂಪು 26 ತಿಂಗಳು. ಯಾವ ಹೊಸ ಔಷಧವನ್ನೂ ಕೊಡದೆ ಬಂದ ಅಂತರವದು. ನಮ್ಮಲ್ಲಿ ‘ಡಾಕ್ಟರು ಬ್ಯುಸಿ ಇದ್ದಾರೆ, ಸುಮ್ಮನೆ ಯಾಕೆ ತೊಂದರೆ’ ಎಂದು ಹಲ್ಲು ಕಚ್ಚಿ ಕೂರುವವರಿಗೂ, ‘ಹೇಳಿದರೆ ಕಿಮೋ ನಿಲ್ಲಿಸಿಬಿಡುತ್ತಾರೆ’ ಎಂದು ಹೆದರಿ ಮುಚ್ಚಿಡುವವರಿಗೂ ಈ ಅಂಕಿಯನ್ನು ಹೇಳಬೇಕೆನಿಸುತ್ತದೆ.

ಇಮ್ಯೂನೋಥೆರಪಿಗೂ ಇದೇ ದರ್ಜೆಗಳೇ?

ದರ್ಜೆಗಳು ಅವೇ, ನಡೆ ಬೇರೆ. ಇಮ್ಯೂನೋಥೆರಪಿ ಎಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ. ಇಲ್ಲಿ ಹಾನಿ ಮಾಡುವುದು ಔಷಧವಲ್ಲ, ಕಡಿವಾಣ ಕಳಚಿದ ನಮ್ಮದೇ ರೋಗನಿರೋಧಕ ಕೋಶಗಳು. ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್ ಯಾವುದರ ಮೇಲಾದರೂ ಅವು ತಿರುಗಿಬೀಳಬಹುದು. ಸಾಮಾನ್ಯವಾಗಿ 1ರಲ್ಲಿ ಗಮನಿಸುತ್ತಾ ಮುಂದುವರಿಸುತ್ತಾರೆ, 2ರಲ್ಲಿ ತಾತ್ಕಾಲಿಕವಾಗಿ ತಡೆಹಿಡಿಯುತ್ತಾರೆ, 3ರಲ್ಲಿ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಡುತ್ತಾರೆ, 4ರಲ್ಲಿ ಬಹುತೇಕ ಶಾಶ್ವತವಾಗಿ ನಿಲ್ಲಿಸುತ್ತಾರೆ. ಥೈರಾಯ್ಡ್‌ನಂಥ ಗ್ರಂಥಿಯ ಹಾನಿಗೆ ಹಾರ್ಮೋನು ಮಾತ್ರೆ ಕೊಟ್ಟು ಚಿಕಿತ್ಸೆ ಮುಂದುವರಿಸುವುದು ಇದಕ್ಕೆ ಅಪವಾದ. ರೋಗಿಯ ರೋಗನಿರೋಧಕ ಕೋಶಗಳನ್ನು ಹೊರಗೆ ಮಾರ್ಪಡಿಸಿ ಮತ್ತೆ ಕೊಡುವ ಕಾರ್-ಟಿ ಕೋಶ ಚಿಕಿತ್ಸೆಯಲ್ಲಿ ಬರುವ ಸೈಟೊಕೈನ್ ಬಿರುಗಾಳಿಗೆ (ಆ ಕೋಶಗಳು ಕೆರಳಿ ದೇಹವಿಡೀ ಏಳುವ ಉರಿಯೂತಕ್ಕೆ) ಮಾತ್ರ ಜ್ವರ, ರಕ್ತದೊತ್ತಡ, ಆಮ್ಲಜನಕ ಈ ಮೂರನ್ನೇ ಆಧರಿಸಿದ ಪ್ರತ್ಯೇಕ ದರ್ಜೆಗಳು 2019ರಲ್ಲಿ ಬಂದಿವೆ.

ಯಾವ ಅಂಗ ಎಷ್ಟು ರೇಡಿಯೇಷನ್ ತಡೆಯುತ್ತದೆ ಎಂದು ಮೊದಲೇ ಹೇಗೆ ಗೊತ್ತು?

ದಶಕಗಳ ಕಾಲ ಬರೆದಿಟ್ಟ ದರ್ಜೆಗಳಿಂದಲೇ ಗೊತ್ತು. 1991ರಲ್ಲಿ ಎಮಾಮಿ ಮತ್ತು ಸಂಗಡಿಗರು, 5 ವರ್ಷಗಳಲ್ಲಿ ಶೇ. 5ರಷ್ಟು ಮಂದಿಗೆ ಮತ್ತು ಶೇ. 50ರಷ್ಟು ಮಂದಿಗೆ ಹಾನಿ ಮಾಡಬಲ್ಲ ಪ್ರಮಾಣಗಳನ್ನು ಅಂಗವಾರು ಪಟ್ಟಿ ಮಾಡಿದರು. ಅದರಲ್ಲಿ ಅನುಭವಿಗಳ ಅಂದಾಜಿನ ಪಾಲು ದೊಡ್ಡದಿತ್ತು. 2010ರಲ್ಲಿ ಪ್ರಕಟವಾದ ಕ್ವಾಂಟೆಕ್ ವರದಿಗಳು ಅದನ್ನು ನಿಜವಾದ ದಾಖಲೆಗಳಿಂದ ತಿದ್ದಿದವು. ಅಂಗದ ಕಟ್ಟಡವೂ ಇಲ್ಲಿ ಮುಖ್ಯ. ಬೆನ್ನುಹುರಿ ಸರಪಳಿಯಂತೆ, ಒಂದು ಕೊಂಡಿ ಕಳಚಿದರೂ ಕೆಳಗಿನದೆಲ್ಲ ಹೋಯಿತು, ಆದ್ದರಿಂದ ಅದರ ಯಾವ ಬಿಂದುವಿಗೂ ಸುಮಾರು 45ರಿಂದ 50 ಗ್ರೇ ಮೀರದಂತೆ ಕಾಯುತ್ತಾರೆ. ಶ್ವಾಸಕೋಶ, ಪರೋಟಿಡ್‌ಗಳು ಹಗ್ಗದ ಎಳೆಗಳಂತೆ. ಕೆಲವು ಎಳೆ ಹೋದರೂ ಉಳಿದವು ಭಾರ ಹೊರುತ್ತವೆ, ಹಾಗಾಗಿ ಅಲ್ಲಿ ಎಷ್ಟು ಭಾಗಕ್ಕೆ ಎಷ್ಟು ಬಿತ್ತು ಎಂಬುದೇ ಲೆಕ್ಕ.

ಹೊಸ ಔಷಧದ ವರದಿಯಲ್ಲಿ ‘3 ಮತ್ತು ಮೇಲ್ಪಟ್ಟ ದರ್ಜೆಯ ಹಾನಿ ಕಡಿಮೆ’ ಎಂದಿತ್ತು. ಹಾಗಾದರೆ ಅದು ಸುಖವಾದ ಔಷಧವೇ?

ಅಷ್ಟರಿಂದಲೇ ಹಾಗೆನ್ನಲಾಗದು. ವರದಿಗಳಲ್ಲಿ ಒಬ್ಬ ರೋಗಿಗೆ ಒಂದು ತೊಂದರೆಯ ಅತಿ ಹೆಚ್ಚಿನ ದರ್ಜೆಯನ್ನು ಒಮ್ಮೆ ಮಾತ್ರ ಎಣಿಸುವುದು ರೂಢಿ. ಅದು ಎಷ್ಟು ದಿನ ಇತ್ತು, ಎಷ್ಟು ಸಲ ಮರುಕಳಿಸಿತು, ಜೊತೆಗೆ ಇನ್ನೇನಿತ್ತು ಎಂಬುದು ಆ ಶೇಕಡಾವಾರಿನೊಳಗೆ ಮುಳುಗಿಹೋಗುತ್ತದೆ. ಮೂರು ವಾರಕ್ಕೊಮ್ಮೆ ಬಾಟಲಿಯಲ್ಲಿ ಇಳಿಸುವ ಕಿಮೋ ಪಡೆದವರೊಬ್ಬರಿಗೆ ಬಿಳಿಕಣಗಳು ಮೂರು ದಿನ 3ನೇ ದರ್ಜೆಗೆ ಇಳಿದು, ಅವರಿಗೆ ತಿಳಿಯದಂತೆಯೇ ಮೇಲೆದ್ದಿರುತ್ತವೆ. ವರದಿಯ ಕೋಷ್ಟಕದಲ್ಲಿ ಅವರು ತೀವ್ರ ಹಾನಿಯವರ ಸಾಲಿನಲ್ಲಿರುತ್ತಾರೆ. ದಿನಾ ನುಂಗುವ ಮಾತ್ರೆಯವರೊಬ್ಬರು ವರ್ಷವಿಡೀ ದಿನಕ್ಕೆ ಐದಾರು ಸಲ ಶೌಚಕ್ಕೆ ಓಡುತ್ತಾ, ಬಸ್ಸಿನ ಪ್ರಯಾಣ ಬಿಟ್ಟು, ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟು, ಮಗಳ ಊರಿಗೂ ಹೋಗಲಾರದೆ ಇರುತ್ತಾರೆ; ಅವರದು 2ನೇ ದರ್ಜೆ, ಆ ಸಾಲಿಗೆ ಬರುವುದೇ ಇಲ್ಲ. ವರದಿ ಕೈಗೆ ಸಿಕ್ಕಾಗ 2ನೇ ದರ್ಜೆಯ ಕೋಷ್ಟಕವನ್ನೂ, ಔಷಧದ ಪ್ರಮಾಣ ತಗ್ಗಿಸಿಕೊಂಡವರ ಮತ್ತು ತಾವೇ ಬಿಟ್ಟವರ ಸಂಖ್ಯೆಯನ್ನೂ ಹುಡುಕಿ ನೋಡಬೇಕು.